ಮನೆಮಂದಿಯ ಹಾರ್ಮೋನಿನ ಲೆಕ್ಕ ಬರೆದಿಡುವುದು ಹೇಗೆ?

ಧಾರವಾಡದ ಹಳೆಯ ಓಣಿಗಳ ಅನೇಕ ಮನೆಗಳಲ್ಲಿ ಇಂದಿಗೂ ಅಜ್ಜಿ, ಅವ್ವ, ಮಗಳು ಒಂದೇ ಸೂರಿನಡಿ ಬದುಕುತ್ತಾರೆ. ಮಗಳು ದೊಡ್ಡಾಕಿಯಾದಾಗ ಆರತಿ ಎತ್ತುವುದರಲ್ಲಿ, ಬಾಣಂತಿಗೆ ಅಂಟಿನ ಉಂಡಿ ಕಟ್ಟುವುದರಲ್ಲಿ ನಾವು ತೋರುವ ಶ್ರದ್ಧೆಯನ್ನು ಮುಟ್ಟಿನ ತಾರೀಖು ಬರೆದಿಡುವುದರಲ್ಲಿ ತೋರುವುದಿಲ್ಲ. ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಹೋಗಲಿ, ಗದಗಿನ ಸಣ್ಣ ದವಾಖಾನೆಗೆ ಹೋಗಲಿ, ಸ್ತ್ರೀರೋಗ ತಜ್ಞರು ಮೊದಲು ಕೇಳುವುದು ಆ ತಾರೀಖನ್ನೇ. ಒಂದು ನೋಟ್‌ಬುಕ್ಕಿನಲ್ಲಿ ಮನೆಯ ಪ್ರತಿಯೊಬ್ಬರಿಗೂ ಕೆಲವು ಪುಟ ಮೀಸಲಿಡಿ. ಏನು ಬರೆಯಬೇಕು, ಏಕೆ ಬರೆಯಬೇಕು ಎಂಬುದನ್ನು ಮುಂದೆ ವಿವರಿಸಿದೆ.

ಮೊದಲು ಆಜ್ಞೆಯ ದಾರಿ ತಿಳಿಯಿರಿ

ಹಾರ್ಮೋನೆಂದರೆ ರಕ್ತದಲ್ಲಿ ಹರಿದು ಅಂಗಗಳಿಗೆ ಆಜ್ಞೆ ಒಯ್ಯುವ ರಾಸಾಯನಿಕ. ಮೆದುಳಿನ ತಳದಲ್ಲಿರುವ ಹೈಪೋಥಲಾಮಸ್ ಎಂಬ ಭಾಗವು ಒಂದು ಹಾರ್ಮೋನನ್ನು ಬಿಟ್ಟುಬಿಟ್ಟು ಸ್ರವಿಸುತ್ತದೆ. ಅದು ತಲುಪಿದ ಕೂಡಲೇ ಕೆಳಗಿನ ಪಿಟ್ಯುಟರಿ ಗ್ರಂಥಿಯು ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಅವುಗಳ ಪ್ರಚೋದನೆಯಿಂದ ಅಂಡಾಶಯವು ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನನ್ನೂ ವೃಷಣವು ಟೆಸ್ಟೋಸ್ಟೆರಾನನ್ನೂ ತಯಾರಿಸುತ್ತವೆ. ಇವು ಸಾಕಷ್ಟಾದಾಗ ಮೆದುಳು ಸಾಮಾನ್ಯವಾಗಿ ತನ್ನ ಆಜ್ಞೆಯನ್ನು ತಗ್ಗಿಸುತ್ತದೆ. ಮೆದುಳು ಹೀಗೆ ಹಾರ್ಮೋನುಗಳ ಮೂಲಕ ಪಿಟ್ಯುಟರಿಯನ್ನು ನಡೆಸುತ್ತದೆ ಎಂಬುದನ್ನು ತೋರಿಸಿದ ರೋಜರ್ ಗಿಯ್ಮಾ ಮತ್ತು ಆಂಡ್ರ್ಯೂ ಶ್ಯಾಲಿ ಅವರಿಗೆ 1977ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಹಸುಗೂಸಿನ ಪುಟ

ಗರ್ಭದ ಸುಮಾರು 6ನೆಯ ವಾರದವರೆಗೆ ಗಂಡು ಹೆಣ್ಣು ಭ್ರೂಣಗಳ ಜನನಾಂಗದ ರಚನೆ ಒಂದೇ ಬಗೆಯದಾಗಿರುತ್ತದೆ. ವೈ ವರ್ಣತಂತುವಿನ ಒಂದು ಜೀನು ವೃಷಣವನ್ನು ರೂಪಿಸಿದ ಮೇಲೆ ಟೆಸ್ಟೋಸ್ಟೆರಾನ್ ಸ್ರವಿಸತೊಡಗಿ ಗಂಡಿನ ಅಂಗಗಳು ಬೆಳೆಯುತ್ತವೆ. ಹೆಣ್ಣು ಭ್ರೂಣದಲ್ಲಿ 20ನೆಯ ವಾರದ ಹೊತ್ತಿಗೆ 60ರಿಂದ 70 ಲಕ್ಷ ಅಂಡಗಳಿರುತ್ತವೆ. ಹುಟ್ಟುವಾಗ 10ರಿಂದ 20 ಲಕ್ಷ ಮಾತ್ರ ಉಳಿಯುತ್ತವೆ. ಅಂದರೆ ಇಂದಿನ ಮೊಮ್ಮಗಳಿಗೆ ಮೂಲವಾದ ಅಂಡವು ಅವಳ ಅವ್ವ ಅಜ್ಜಿಯ ಹೊಟ್ಟೆಯಲ್ಲಿದ್ದಾಗಲೇ ರೂಪುಗೊಂಡಿತ್ತು.

ತಾಯಿಯ ಹಾರ್ಮೋನುಗಳ ಪ್ರಭಾವದಿಂದ ನವಜಾತ ಶಿಶುವಿನ ಎದೆ ಉಬ್ಬಿ ಹನಿ ಹಾಲು ಕಾಣಿಸಬಹುದು, ಹೆಣ್ಣುಕೂಸಿಗೆ ಎರಡು ಹನಿ ರಕ್ತವೂ ಹೋಗಬಹುದು. ಎಣ್ಣೆ ನೀರು ಹಾಕುವಾಗ ಆ ಎದೆಯನ್ನು ಹಿಂಡುವ ರೂಢಿ ಇನ್ನೂ ಕೆಲವೆಡೆ ಇದೆ. ದಯವಿಟ್ಟು ಹಿಂಡಬೇಡಿ, ಕೀವುಗಟ್ಟುತ್ತದೆ. ಮುಟ್ಟದಿದ್ದರೆ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಗಂಡುಕೂಸಿನ ವೃಷಣಗಳೆರಡೂ ಚೀಲಕ್ಕೆ ಇಳಿದಿವೆಯೇ ಎಂದು ನೋಡಿ ಬರೆಯಿರಿ. 6 ತಿಂಗಳಾದರೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು.

7ನೆಯ ವರ್ಷದಿಂದ ಎತ್ತರ ಅಳೆಯಿರಿ

ಆರು ತಿಂಗಳಿಗೊಮ್ಮೆ ಬಾಗಿಲ ಚೌಕಟ್ಟಿಗೆ ಮಗುವನ್ನು ನಿಲ್ಲಿಸಿ ಎತ್ತರ ಗುರುತಿಸಿ. ಶೈಶವದ ನಂತರ ತಣ್ಣಗಾಗಿದ್ದ ಹೈಪೋಥಲಾಮಸ್ ಮತ್ತೆ ಎಚ್ಚತ್ತಾಗ, ಮೊದಲು ರಾತ್ರಿಯ ನಿದ್ದೆಯಲ್ಲಿ, ಎಲ್‌ಎಚ್ ಏರತೊಡಗುತ್ತದೆ. ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ ಎದೆ ಮೂಡುವುದು ಮೊದಲ ಗುರುತು. ಮುಟ್ಟು ಬರುವುದು ಅದಾಗಿ ಸುಮಾರು ಎರಡರಿಂದ ಎರಡೂವರೆ ವರ್ಷಕ್ಕೆ. ಗಂಡುಮಕ್ಕಳಲ್ಲಿ 9ರಿಂದ 14ರೊಳಗೆ ಮೊದಲು ವೃಷಣ ದೊಡ್ಡದಾಗುತ್ತದೆ; ಮೀಸೆಯೂ ಒಡೆದ ದನಿಯೂ ಬಹಳ ತಡವಾಗಿ ಬರುವ ಗುರುತುಗಳು.

ಹುಡುಗಿ ಸರಸರನೆ ಎತ್ತರವಾಗುವುದು ಮುಟ್ಟು ಬರುವ ಮುಂಚೆ. ಎಲುಬಿನ ತುದಿಯ ಬೆಳವಣಿಗೆಯ ಫಲಕಗಳನ್ನು ಮುಚ್ಚಿ ಎತ್ತರವನ್ನು ನಿಲ್ಲಿಸುವುದು ಈಸ್ಟ್ರೋಜನ್. ಹುಡುಗರಲ್ಲೂ ಟೆಸ್ಟೋಸ್ಟೆರಾನ್‌ನಿಂದ ತಯಾರಾದ ಈಸ್ಟ್ರೋಜನ್ನೇ ಆ ಕೆಲಸ ಮಾಡುತ್ತದೆ. ಆದ್ದರಿಂದಲೇ 8 ವರ್ಷಕ್ಕಿಂತ ಮೊದಲು ಹುಡುಗಿಯಲ್ಲಿ, 9ಕ್ಕಿಂತ ಮೊದಲು ಹುಡುಗನಲ್ಲಿ ಈ ಗುರುತು ಕಂಡರೆ, ಮಗು ಚೆನ್ನಾಗಿ ಬೆಳೆಯುತ್ತಿದೆ ಎಂದು ಹಿಗ್ಗದೆ ಕೂಡಲೇ ವೈದ್ಯರಿಗೆ ತೋರಿಸಬೇಕು. ತಡಮಾಡಿದರೆ ಮಗುವಿನ ಅಂತಿಮ ಎತ್ತರ ಕುಂದಬಹುದು. ಹುಡುಗಿಗೆ 13 ತುಂಬಿದರೂ ಎದೆ ಮೂಡದಿದ್ದರೆ, 15 ತುಂಬಿದರೂ ಮುಟ್ಟು ಬಾರದಿದ್ದರೆ, ಹುಡುಗನಿಗೆ 14 ತುಂಬಿದರೂ ಯಾವ ಗುರುತೂ ಇಲ್ಲದಿದ್ದರೆ ಆಗಲೂ ತೋರಿಸಬೇಕು. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ಗಳು ಹದಿಹರೆಯದವರಿಗಾಗಿಯೇ ಇವೆ.

ಮುಟ್ಟಿನ ಮೊದಲ ದಿನ ಬರೆಯಿರಿ

ಸ್ರಾವ ಶುರುವಾದ ದಿನವೇ 1ನೆಯ ದಿನ. ಅಲ್ಲಿಂದ ಮುಂದಿನ ಮುಟ್ಟಿನ ಹಿಂದಿನ ದಿನದವರೆಗೆ ಒಂದು ಚಕ್ರ. ಮೊದಲ ಭಾಗದಲ್ಲಿ ಎಫ್‌ಎಸ್‌ಎಚ್‌ನಿಂದ ಅಂಡಕೋಶ, ಅಂದರೆ ಅಂಡಾಶಯದೊಳಗೆ ಅಂಡವನ್ನು ಸುತ್ತುವರಿದ ಪುಟ್ಟ ಚೀಲ, ಬೆಳೆದು ಈಸ್ಟ್ರೋಜನ್ ಏರುತ್ತದೆ. ಅದು ಒಂದು ಎತ್ತರದ ಮಟ್ಟ ತಲುಪಿ ಅಲ್ಲಿಯೇ ನಿಂತಾಗ, ಎಲ್‌ಎಚ್ ತಗ್ಗುವ ಬದಲು ಒಮ್ಮೆಲೇ ಉಕ್ಕಿ, ಸುಮಾರು 36 ಗಂಟೆಯಲ್ಲಿ ಅಂಡ ಬಿಡುಗಡೆಯಾಗುತ್ತದೆ. ಒಡೆದ ಕೋಶವು ಸುಮಾರು 14 ದಿನ ಪ್ರೊಜೆಸ್ಟರಾನ್ ಕೊಟ್ಟು, ಗರ್ಭ ನಿಲ್ಲದಿದ್ದರೆ ಕುಗ್ಗುತ್ತದೆ. ಆಗ ಗರ್ಭಚೀಲದ ಒಳಪೊರೆ ಕಳಚಿ ಮುಟ್ಟಾಗುತ್ತದೆ. ಹೀಗಾಗಿ 35 ದಿನದ ಚಕ್ರದವರಿಗೆ ಅಂಡ ಬಿಡುಗಡೆಯಾಗುವುದು 21ನೆಯ ದಿನದ ಆಸುಪಾಸಿನಲ್ಲಿ. ಎಲ್ಲರಿಗೂ 14ನೆಯ ದಿನವೇ ಎಂದು ನಂಬಿ ಮಗುವಿಗಾಗಿ ಕಾಯುತ್ತಿರುವ ದಂಪತಿಗಳು ಇದನ್ನು ಅವಶ್ಯ ಗಮನಿಸಬೇಕು. ಮುಟ್ಟು ಶುರುವಾದ ಮೊದಲ ವರ್ಷಗಳಲ್ಲಿ 21ರಿಂದ 45 ದಿನ, ವಯಸ್ಕರಲ್ಲಿ 21ರಿಂದ 35 ದಿನ ಸಹಜ.

ಜಾತ್ರೆ, ಪಂಚಮಿ, ಮದುವೆಗಳ ಹೊತ್ತಿಗೆ ಮುಟ್ಟು ಮುಂದೂಡುವ ಗುಳಿಗೆಯನ್ನು ಅಂಗಡಿಯಿಂದ ನೇರವಾಗಿ ತರಿಸಿ ನುಂಗುವುದು ನಮ್ಮಲ್ಲಿ ಬಹಳ. ಅದು ಪ್ರೊಜೆಸ್ಟರಾನನ್ನು ಹೋಲುವ ಔಷಧ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸವಿರುವವರಿಗೆ ಅಪಾಯಕಾರಿ. ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ, ತೆಗೆದುಕೊಂಡ ದಿನಗಳನ್ನು ಬರೆಯಿರಿ.

ಅವ್ವ ಮತ್ತು ಅಜ್ಜಿಯ ಪುಟ

ಸಾಮಾನ್ಯವಾಗಿ 45ರಿಂದ 55ರೊಳಗೆ ಅಂಡಕೋಶಗಳು ಮುಗಿಯುತ್ತ ಬಂದು ಈಸ್ಟ್ರೋಜನ್ ಇಳಿಯುತ್ತದೆ, ತಡೆಯುವವರಿಲ್ಲದೆ ಎಫ್‌ಎಸ್‌ಎಚ್ ಏರುತ್ತದೆ. ಮೈಗೆ ಝಳ ಹೊಡೆಯುವುದು, ನಿದ್ದೆಗೆಡುವುದು, ಎಲುಬು ಸವೆಯುವುದು ಈ ಇಳಿತದಿಂದಲೇ. 12 ತಿಂಗಳು ಮುಟ್ಟಾಗದಿದ್ದರೆ ಮುಟ್ಟು ನಿಂತಿತೆಂದು ಬರೆಯಿರಿ. ಆ ನಂತರ ಒಂದೇ ಹನಿ ರಕ್ತ ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಗರ್ಭಚೀಲ ತೆಗೆಸಿದ್ದರೆ ಅಂಡಾಶಯವನ್ನೂ ತೆಗೆದಿದ್ದಾರೆಯೇ ಎಂಬುದನ್ನು ಡಿಸ್ಚಾರ್ಜ್ ಕಾಗದ ನೋಡಿ ದಾಖಲಿಸಿ. ಅಂಡಾಶಯ ಉಳಿದಿದ್ದರೆ ಹಾರ್ಮೋನು ಬರುತ್ತಿರುತ್ತದೆ; ಅದನ್ನೂ ತೆಗೆದಿದ್ದರೆ ಒಂದೇ ದಿನಕ್ಕೆ ಕುಸಿಯುತ್ತದೆ. ಗಂಡಸರಲ್ಲಿ ಇಂಥ ಕಡಿತವಿಲ್ಲ, ನಡುವಯಸ್ಸಿನಿಂದ ಟೆಸ್ಟೋಸ್ಟೆರಾನ್ ನಿಧಾನವಾಗಿ ಇಳಿಯುತ್ತದೆ.

ರಕ್ತ ಕೊಡುವ ದಿನ ಸರಿಯಾಗಿ ಆರಿಸಿ

ವೈದ್ಯರು ಎಫ್‌ಎಸ್‌ಎಚ್, ಎಲ್‌ಎಚ್ ಪರೀಕ್ಷೆ ಬರೆದುಕೊಟ್ಟರೆ ಸಾಮಾನ್ಯವಾಗಿ ಮುಟ್ಟಿನ 2ರಿಂದ 5ನೆಯ ದಿನದೊಳಗೆ ರಕ್ತ ಕೊಡಬೇಕು. ಟೆಸ್ಟೋಸ್ಟೆರಾನ್ ಪರೀಕ್ಷೆಗೆ ಗಂಡಸರು ಬೆಳಿಗ್ಗೆ 10ರೊಳಗೆ ಹೋಗಬೇಕು. ಹಾವೇರಿ ಕಡೆಯ ಹಳ್ಳಿಗಳಿಂದ ಬಸ್ಸು ಹಿಡಿದು ಬರುವವರು ಈ ದಿನ, ಈ ಹೊತ್ತು ನೋಡಿಕೊಂಡೇ ಹೊರಡಲಿ. ಜೊತೆಗೆ ನೋಟ್‌ಬುಕ್ಕನ್ನೂ ನುಂಗುತ್ತಿರುವ ಗುಳಿಗೆಗಳ ಚೀಟಿಯನ್ನೂ ತನ್ನಿ.