ಹೊಟ್ಟೆ ಸ್ನಾಯು ಹಿಡ್ಕೊಂಡ್ರೆ ಏನ್ ಮಾಡ್ಬೇಕು

ತುಂಬಿದ್ ಗ್ಯಾಸ್ ಸಿಲಿಂಡರ್ ಒಬ್ನೇ ಎತ್ತೋಕ್ ಹೋದೆ. ಮೇಲೆ 14.2 ಕೆಜಿ ಅಂತ ಬರ್ದಿರತ್ತಲ್ಲ, ಅದು ಬರೀ ಗ್ಯಾಸಿನ ತೂಕ, ಕಬ್ಬಿಣನೂ ಸೇರಿ ಹತ್ರ ಹತ್ರ 30 ಆಗತ್ತೆ. ಹೊಕ್ಕುಳ ಪಕ್ಕ ಚಳಕ್ ಅಂತು, ಆಮೇಲೆ ಸೀನು ಬಂದ್ರೂ ಹೆದ್ರಿಕೆ. ಬಟ್ಟಿ ಬಿದ್ದಿದೆ (ಹೊಕ್ಕುಳು ಜಾರಿದೆ ಅಂತಾರಲ್ಲ, ಅದು), ಎಣ್ಣೆ ಹಾಕಿ ತಿಕ್ಕಿಸ್ಕೋ ಅಂದ್ರು ಪಕ್ಕದ್ಮನೆಯವ್ರು. ದಯವಿಟ್ಟು ಬೇಡ, ಸ್ನಾಯುವಿನ ಎಳೆ ಹರಿದಿರೋ ಕಡೆ ತಿಕ್ಕಿದ್ರೆ ಒಳಗೆ ರಕ್ತ, ಊತ ಎರಡೂ ಜಾಸ್ತಿ ಆಗತ್ತೆ.

ಮೊದಲ 2 ದಿನ ಐಸ್ ಸಾಕು, ಟವೆಲಲ್ಲಿ ಸುತ್ತಿ 15-20 ನಿಮಿಷ, ದಿನಕ್ಕೆ ನಾಲ್ಕೈದು ಸಲ. ಬಿಸಿನೀರ್ ಬ್ಯಾಗು ಆಮೇಲೆ. ನೋವಿಗೆ ಪ್ಯಾರಸಿಟಮಾಲ್ ನಡಿಯತ್ತೆ, ಐಬುಪ್ರೊಫೆನ್ ಮಾತ್ರ ಅಲ್ಸರ್, ಕಿಡ್ನಿ ತೊಂದ್ರೆ ಇರೋರು ಡಾಕ್ಟ್ರನ್ನ ಕೇಳ್ದೆ ನುಂಗ್ಬೇಡಿ.

ಆದ್ರೆ ಮೊದಲ ವಾರ ಜೀವ ಹಿಂಡೋದು ಹಾಸಿಗೆಯಿಂದ ಏಳೋದು. ಅಂಗಾತ ಮಲ್ಗಿದ್ದವ್ರು ನೇರ ಎದ್ರೆ ಪೂರ್ತಿ ಭಾರ ಅದೇ ಸ್ನಾಯು ಮೇಲೆ ಬೀಳತ್ತೆ, ಅದಕ್ಕೆ ಮಂಡಿ ಮಡ್ಚಿ ಪಕ್ಕಕ್ಕೆ ಹೊರಳಿ, ಕಾಲು ಮಂಚದಿಂದ ಇಳಿಬಿಟ್ಟು, ಮೊಣಕೈ ಊರಿ ಕೈಬಲದಲ್ಲೇ ಎದ್ದೇಳಿ. ಕೆಮ್ಮು ಬಂದ್ರೆ ದಿಂಬನ್ನ ಹೊಟ್ಟೆಗೆ ಒತ್ತಿ ಹಿಡ್ಕೊಳ್ಳಿ. ಮಲಬದ್ಧತೆ ಆಗ್ದಿರೋ ಹಾಗೆ ನೀರು, ಸೊಪ್ಪು, ಪಪ್ಪಾಯ, ಯಾಕಂದ್ರೆ ಮುಕ್ಕಿದ್ರೂ ಎಳಿಯತ್ತೆ (ನಾಚ್ಕೆ ಬಿಟ್ಟು ಹೇಳ್ತಿದೀನಿ). ಹಾಗಂತ ಮಲ್ಗೇ ಇರ್ಬೇಡಿ, ನಿಧಾನಕ್ಕೆ ಓಡಾಡಿ.

ಉಬ್ಬು ಕಾಣಿಸ್ಕೊಂಡ್ರೆ ಹರ್ನಿಯಾ (ಒಳಗಿನ ಕರುಳೋ ಕೊಬ್ಬೋ ಸ್ನಾಯುವಿನ ಸಂದಿಯಿಂದ ಹೊರಗೆ ತಳ್ಕೊಳ್ಳೋದು) ಇರ್ಬೋದು. ಜ್ವರ, ವಾಂತಿ, ಬಲಗಡೆ ಕೆಳಹೊಟ್ಟೆ ನೋವು ಏರ್ತಾ ಇದ್ರೆ ಅಪೆಂಡಿಕ್ಸೂ ಆಗಿರ್ಬೋದು, ಹೊಟ್ಟೆ ಕಲ್ಲಿನ ಹಾಗೆ ಗಟ್ಟಿ ಆದ್ರೂ ಅಷ್ಟೆ, ಐಸ್ ಇಟ್ಕೊಂಡು ಕೂರ್ದೆ ಆವತ್ತೇ ಆಸ್ಪತ್ರೆಗೆ ಹೋಗಿ.

ಸಣ್ಣ ಎಳೆತ ಎರಡ್ಮೂರು ವಾರದಲ್ಲಿ ಹೋಗತ್ತೆ, ಜಾಸ್ತಿ ಹರಿದಿದ್ರೆ ಒಂದೆರಡು ತಿಂಗಳೂ ಹಿಡಿಯತ್ತೆ. ನಾನ್ ಎಡವಿದ್ದು ಇಲ್ಲೇ, ಹತ್ತನೇ ದಿನ ನೋವಿಲ್ಲ ಅಂತ ಸಿಟಪ್ ಹೊಡ್ದೆ, ಮತ್ತೆ ಮೊದಲನೇ ದಿನಕ್ಕೆ ವಾಪಸ್. ಮೊದ್ಲು ಹೊಟ್ಟೆ ಉಬ್ಬಿಸಿ ಇಳಿಸೋ ಉಸಿರಾಟ, ಆಮೇಲೆ ಅಂಗಾತ ಮಲ್ಗಿ ಮಂಡಿ ಮಡ್ಚಿ ಸೊಂಟನ ನೆಲಕ್ಕೆ ಒತ್ತೋದು, ನೋವಾಗ್ಲಿಲ್ಲ ಅಂದ್ರೆ 10 ಸೆಕೆಂಡ್ ಪ್ಲ್ಯಾಂಕು (ಬೋರಲಾಗಿ ಮೊಣಕೈ, ಕಾಲ್ಬೆರಳ ಮೇಲೆ ಮೈನ ನೇರ ಎತ್ತಿ ಹಿಡಿಯೋದು). ಸಿಟಪ್ ಎಲ್ಲಕ್ಕಿಂತ ಕೊನೇಗೆ. ಭಾರ ಎತ್ತುವಾಗ ಮೈಗೆ ಹತ್ರ ಹಿಡಿದು, ಉಸಿರು ಬಿಡ್ತಾ ಎತ್ತಿ. ಸಿಲಿಂಡರ್ ಮಾತ್ರ ನಾನೀಗ ತಂದ್ಕೊಡೋರ ಕೈಲೇ ಅಡುಗೆಮನೆ ತನಕ ಇಡಿಸ್ಕೊಳ್ತೀನಿ.