ಡ್ರೈವರ್‌ನಿಂದ ಎಫ್‌ಡಿ ಕೊಡುವುದು ಹೇಗೆ?

ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಲಿನಕ್ಸ್ ಡ್ರೈವರ್ ಪ್ರಾಜೆಕ್ಟ್ ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ: ಕರ್ನಲ್ (ಲಿನಕ್ಸ್‌ನ ತಿರುಳು) ಒಳಗಿನ ಬಫರನ್ನು ಫೈಲ್ ಡಿಸ್ಕ್ರಿಪ್ಟರ್, ಅಂದರೆ ಎಫ್‌ಡಿ (ತೆರೆದ ಫೈಲನ್ನು ಗುರುತಿಸುವ ನಂಬರ್) ಮಾಡಿ ಪ್ರೋಗ್ರಾಮಿನ ಕೈಗೆ ಕೊಡುವಾಗ.

ಮೊದಲು ಗೆಟ್_ಅನ್‌ಯೂಸ್ಡ್_ಎಫ್‌ಡಿ_ಫ್ಲ್ಯಾಗ್ಸ್ ಕರೆದು ನಂಬರ್ ಹಿಡಿಯಿರಿ. ಸಬರ್ಬ್ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಸೀಟಿಗೆ ಟವಲ್ ಹಾಕಿದ ಹಾಗೆ. ಜಾಗ ಸಿಕ್ಕಿತು, ಇನ್ನೂ ಯಾರೂ ಕೂತಿಲ್ಲ. ಓ_ಕ್ಲೋಎಕ್ಸೆಕ್ ಕೊಡಲೇಬೇಕು. ಇಲ್ಲದಿದ್ದರೆ ಎಕ್ಸೆಕ್ (ಅದೇ ಪ್ರೋಸೆಸ್ ಬೇರೆ ಪ್ರೋಗ್ರಾಮ್ ಓಡಿಸತೊಡಗುವುದು) ಆದ ಮೇಲೂ ಎಫ್‌ಡಿ ತೆರೆದೇ ಇರುತ್ತದೆ.

ನಂತರ ಬಫರಿಗೆ ಫೈಲ್ ರೂಪ ಕೊಡುವ ಅನಾನ್_ಐನೋಡ್_ಗೆಟ್‌ಫೈಲ್. ಸೋತರೆ ಇದು ನಲ್ ಅಲ್ಲ, ಎರರ್ ತುಂಬಿದ ಪಾಯಿಂಟರ್ ಕೊಡುತ್ತದೆ, ಐಎಸ್_ಇಆರ್‌ಆರ್ ಹಾಕಿಯೇ ನೋಡಿ. ಸೋತಾಗ ಬಫರನ್ನು ನೀವೇ ಕೆಫ್ರೀ ಮಾಡಬೇಕು. ಗೆದ್ದ ಮೇಲೆ ಆ ಕೆಲಸ ಫೈಲ್ ಮುಚ್ಚಿದಾಗ ಓಡುವ ರಿಲೀಸ್ ಫಂಕ್ಷನ್ನಿನದು. ಮುಂದೆ ಎರರ್ ಬಂದರೆ ಫೈಲನ್ನು ಬಿಡುವ ಎಫ್‌ಪುಟ್ ಮತ್ತು ನಂಬರ್ ಹಿಂದಿರುಗಿಸುವ ಪುಟ್_ಅನ್‌ಯೂಸ್ಡ್_ಎಫ್‌ಡಿ ಸಾಕು. ಜತೆಗೆ ಕೆಫ್ರೀಯನ್ನೂ ಕರೆದರೆ ಒಂದೇ ಮೆಮೊರಿ ಎರಡು ಸಲ ಫ್ರೀ ಆಗುತ್ತದೆ.

ಈಗ ಕಷ್ಟದ ಘಟ್ಟ. ನಂಬರನ್ನು ಪ್ರೋಗ್ರಾಮಿನ ಮೆಮೊರಿಗೆ ಬರೆಯುವ ಕಾಪಿ_ಟು_ಯೂಸರ್ ಮೊದಲು, ಆ ನಂಬರಿಗೆ ಫೈಲನ್ನು ಕೂರಿಸುವ ಎಫ್‌ಡಿ_ಇನ್‌ಸ್ಟಾಲ್ ಕಟ್ಟಕಡೆಗೆ. ಇನ್‌ಸ್ಟಾಲ್ ಆದ ಕ್ಷಣದಿಂದ ಆ ನಂಬರ್ ಪ್ರೋಸೆಸ್ಸಿನ ಎಲ್ಲ ಥ್ರೆಡ್‌ಗಳಿಗೂ ಸೇರಿದ್ದು. ನೀವು ನಂಬರ್ ತಿಳಿಸುವ ಮೊದಲೇ ಇನ್ನೊಂದು ಥ್ರೆಡ್ ಅದನ್ನು ಊಹಿಸಿ ಕ್ಲೋಸ್ ಮಾಡಬಹುದು. ಹಾಗಾಗಿ ಆಮೇಲೆ ಫೈಲ್ ಪಾಯಿಂಟರನ್ನಾಗಲಿ ಬಫರನ್ನಾಗಲಿ ಮುಟ್ಟಬಾರದು. ಮುಟ್ಟಿದರೆ ಫ್ರೀ ಆದ ಮೆಮೊರಿಗೆ ಕೈ ಹಾಕಿದಂತೆ. ಬಫರಿನ ಸೈಜನ್ನು ಪ್ರಿಂಟ್ ಮಾಡುವ ಸಾಲು ಸಹ ಇನ್‌ಸ್ಟಾಲ್‌ಗಿಂತ ಮೇಲಿರಲಿ.

ಎಲ್ಲವನ್ನೂ ಒಂದೇ ಏಟಿಗೆ ಮುಗಿಸುವ ಅನಾನ್_ಐನೋಡ್_ಗೆಟ್‌ಎಫ್‌ಡಿ ಎಂಬ ಅಡ್ಡದಾರಿಯಿದೆ. ಎಫ್‌ಡಿಯನ್ನು ಸಿಸ್ಟಂ ಕಾಲ್‌ನ ರಿಟರ್ನ್ ವ್ಯಾಲ್ಯೂ ಆಗಿಯೇ ಕೊಡುವುದಾದರೆ ಬಳಸಿ. ಸ್ಟ್ರಕ್ಟ್ ಒಳಗೆ ಬರೆದು ಕೊಡುವುದಾದರೆ ಬೇಡವೇ ಬೇಡ. ಆಮೇಲೆ ಕಾಪಿ ಸೋತರೆ ಹಿಂದೆ ಹೋಗಲು ದಾರಿಯಿಲ್ಲ. ಕರ್ನಲ್ ಒಳಗಿಂದ ಕ್ಲೋಸ್ ಮಾಡುತ್ತೇನೆಂದರೆ, ಅಷ್ಟರಲ್ಲಿ ಅದೇ ನಂಬರಿಗೆ ಬೇರೆ ಫೈಲ್ ಬಂದು ಕೂತಿರಬಹುದು.

ಎಫ್‌ಒಪಿಎಸ್‌ನಲ್ಲಿ (ರಿಲೀಸ್‌ನಂಥ ಫೈಲ್ ಫಂಕ್ಷನ್‌ಗಳ ಪಟ್ಟಿಯಲ್ಲಿ) ಓನರ್ ಜಾಗಕ್ಕೆ ದಿಸ್_ಮಾಡ್ಯೂಲ್ ಹಾಕಿ.

ಟೆಸ್ಟ್ ಮಾಡುವಾಗ ಕೇಸ್ಯಾನ್ (ಮೆಮೊರಿ ತಪ್ಪು ಹಿಡಿಯುವ ಸಾಧನ) ಆನ್ ಮಾಡಿದ ಕರ್ನಲ್ ಇರಲಿ. ಯುಲಿಮಿಟ್ -ಎನ್ (ಎಫ್‌ಡಿಗಳ ಮಿತಿ) 1024 ಇಟ್ಟು, ಬೇಕೆಂದೇ ಕೆಟ್ಟ ಅಡ್ರೆಸ್ ಕೊಟ್ಟು, ಒಂದೇ ಪ್ರೋಸೆಸ್ಸಿನಿಂದ 2000 ಸಲ ಕರೆಯಿರಿ. ಪ್ರತಿ ಸಲವೂ ಇಫಾಲ್ಟ್ (ಕೆಟ್ಟ ಅಡ್ರೆಸ್ ಎಂಬ ಎರರ್) ಬರಬೇಕು. ನಡುವೆ ಇಎಂಫೈಲ್ (ಎಫ್‌ಡಿ ಮಿತಿ ಮುಗಿಯಿತು ಎಂಬ ಎರರ್) ಬಂದರೆ ಪುಟ್_ಅನ್‌ಯೂಸ್ಡ್_ಎಫ್‌ಡಿ ಮರೆತಿದ್ದೀರಿ. ಹೀಗೆ ಸೋರಿದ ನಂಬರಿನ ಹಿಂದೆ ಫೈಲೇ ಇರುವುದಿಲ್ಲ, ಆದ್ದರಿಂದ ಪ್ರೋಕ್‌ನ ಎಫ್‌ಡಿ ಡೈರೆಕ್ಟರಿಯಲ್ಲಿ ಎಷ್ಟು ಹುಡುಕಿದರೂ ಕಾಣುವುದಿಲ್ಲ.