ಒಳಬಾಗಿಲ ಖರ್ಚು ಅರ್ಧಕ್ಕಿಳಿದದ್ದು ಹೀಗೆ

ಧಾರವಾಡದ ನಮ್ಮ ಹಳೇ ಮನೆಯ ಒಳಬಾಗಿಲುಗಳು ಮಳೆಗಾಲ ಬಂತಂದ್ರ ಉಬ್ಬಿ ನೆಲಕ್ಕ ತಿಕ್ಕತಿದ್ದವು. ಚೌಕಟ್ಟು ಸಮೇತ ಬದಲಿಸಿದರೆ ಒಂದಕ್ಕೆ 12,000 ರೂಪಾಯಿ ಎಂದರು.

ಸ್ಕ್ರೂಡ್ರೈವರ್‌ನಿಂದ ಚೌಕಟ್ಟಿನ ಬುಡ ಚುಚ್ಚಿ ನೋಡಿದೆ. ಸಾಗವಾನಿ, ಕಲ್ಲಿನಂತೆ ಗಟ್ಟಿ, ಗೆದ್ದಲಿನ ಸುಳಿವಿಲ್ಲ. ಅದನ್ನು ಕೀಳುವುದೇಕೆ? ಕಿತ್ತರೆ ಗಿಲಾವು ಒಡೆಯುತ್ತದೆ, ಆಮೇಲೆ ಗಾರೆ, ಬಣ್ಣ. ಖರ್ಚು ಬೆಳೆಯುವುದೇ ಅಲ್ಲಿ. ಕದ ಮಾತ್ರ ಬದಲಿಸಿದೆ.

7 ಅಡಿ ಎತ್ತರ, ಎರಡೂವರೆ ಅಡಿ ಅಗಲ ಅಂದರೆ 17.5 ಚದರಡಿ. 30 ಎಂಎಂ ದಪ್ಪದ ಫ್ಲಶ್ ಡೋರ್ (ಎರಡೂ ಬದಿ ಸಪಾಟಾಗಿರುವ ಕಟ್ಟಿಗೆಯ ಕದ) ಚದರಡಿಗೆ 130ರಂತೆ 2,275 ರೂಪಾಯಿ. ಎರಡೂ ಬದಿ ಲ್ಯಾಮಿನೇಟ್, ಬಿಜಾಗರಿ, ಚಿಲಕ, ಬಡಿಗೇರರ ಕೂಲಿ ಸೇರಿ ಒಂದು ಬಾಗಿಲು 6,000ದ ಆಸುಪಾಸು ಮುಗಿಯಿತು. ಕೊಳ್ಳುವಾಗ ಐಎಸ್ 2202 (ಕಟ್ಟಿಗೆಯ ಫ್ಲಶ್ ಡೋರಿನ ಭಾರತೀಯ ಮಾನಕ) ಗುರುತು ನೋಡಿಕೊಳ್ಳಿ.

ಮುಖ್ಯವಾದದ್ದು ಕದದ ಕೆಳ ಅಂಚು. ನೆಲ ಒರೆಸಿದ ನೀರು ಹೀರುವುದು ಅಲ್ಲಿಂದಲೇ. ಅಳತೆಗೆ ಕೊಯ್ದ ಮೇಲೆ ಒಳಗಿನ ಬರಿ ಕಟ್ಟಿಗೆ ಕಾಣುತ್ತಿತ್ತು. ಕೂಡಿಸುವ ಮೊದಲೇ ಪ್ರೈಮರ್ ಹಚ್ಚಿ, ಮೇಲೆ ಎರಡು ಕೋಟ್ ಎನಾಮಲ್ ಹೊಡೆಸಿದೆ. ಬಚ್ಚಲಿಗೆ ಮಾತ್ರ ಡಬ್ಲ್ಯುಪಿಸಿ (ಕಟ್ಟಿಗೆ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ) ಕದ ಹಾಕಿಸಿದೆ, ಅದು ನೀರಿಗೆ ಉಬ್ಬುವುದಿಲ್ಲ.